ಏಳು ಸೊಟ್ಟ ಗುಂಡುಗಳು

ಗ್ರೀಸ್
12 ಜೂನ್ 2025

ಪ್ರೀತಿಯ ಉಮ್ಮಾಮ,

ಸಲಾಂ. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಊಟ ಹೊಟ್ಟೆ ತುಂಬ ಮಾಡುತ್ತಿದ್ದೇನೆ, ನಮಾಝ್ ಬಿಟ್ಟಿಲ್ಲ, ಬಿಸಿಲಿಗೆ ಟೋಪಿ ಹಾಕುತ್ತೇನೆ. ತಲೆಗೆ ಎಣ್ಣೆ ಮಾತ್ರ ಹಚ್ಚಿಲ್ಲ. ಹಚ್ಚಿದರೆ ಇಲ್ಲಿನ ಮಣ್ಣೆಲ್ಲ ನನ್ನ ತಲೆಯಲ್ಲೇ ಮನೆ ಕಟ್ಟುತ್ತದೆ.

ಫೋನಿನಲ್ಲಿ ಮಾತಾಡಿದರೆ ಮನೆಮಂದಿಯೆಲ್ಲ ಸ್ಪೀಕರಿನ ಸುತ್ತ ಕೂರುತ್ತಾರೆ, ಕಾಗದದಲ್ಲಿ ಬರೆದು ಫೋಟೊ ತೆಗೆದು ನನಗೊಬ್ಬಳಿಗೇ ಕಳಿಸು ಎಂದು ಹಟ ಹಿಡಿದವರು ನೀವು. ಅಲ್ ಕುಸೈಸಿನ ಫ್ಲ್ಯಾಟಿನಲ್ಲಿ ಶುಕ್ರವಾರ ಶುಕ್ರವಾರ ಮೊಮ್ಮಗಳ ಕಿವಿ ಹಿಂಡಿ ನೀವು ಕಲಿಸಿದ ಕನ್ನಡ ಇದು. ತಪ್ಪಿದ್ದರೆ ತಿದ್ದಿ, ಬೈಯಬೇಡಿ.

ಅಬುಧಾಬಿಯ ನಮ್ಮ ಯೂನಿವರ್ಸಿಟಿಯಿಂದ ಆರು ಮಂದಿ ಬಂದಿದ್ದೇವೆ. ನಾವು ಅಗೆಯುತ್ತಿರುವುದು ಅರಮನೆಯಲ್ಲ, ಗುಡಿಯಲ್ಲ, ಒಂದು ಸಾಮಾನ್ಯ ಕೇರಿ. ಹೊರೆ ಹೊತ್ತ ಕತ್ತೆ ಹೋಗುವಷ್ಟು ಅಗಲದ ಓಣಿ, ಎರಡೂ ಕಡೆ ಗೋಡೆಗೆ ಗೋಡೆ ತಾಗಿದ ಮನೆಗಳು, ಪ್ರತಿ ಮನೆಗೂ ಒಂದು ಅಂಗಳ. ಒಂದು ಮನೆಯ ಬಚ್ಚಲ ನೀರು ನೇರವಾಗಿ ಪಕ್ಕದ ಮನೆಯ ಬಾಗಿಲಿಗೆ ಹರಿಯುತ್ತದೆ. ಜಗಳ ಆಗದೇ ಇದ್ದಿರಲಿಕ್ಕಿಲ್ಲ. ಒಲೆಯ ಬೂದಿ, ಮೀನಿನ ಮುಳ್ಳು, ಹಿಡಿ ಮುರಿದ ಹೂಜಿ ಎಲ್ಲ ಸಿಗುತ್ತಿವೆ. ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಇಲ್ಲಿ ಬೆಂಕಿ ಬಿದ್ದು ಮಾಡು ಕುಸಿದಿತ್ತು. ಜನ ಓಡಿ ಪಾರಾಗಿದ್ದಾರೆ, ನೀವು ಗಾಬರಿಯಾಗಬೇಡಿ. ಸಾಮಾನು ಮಾತ್ರ ಬಿದ್ದಲ್ಲೇ ಉಳಿದಿದೆ.

ನನ್ನ ಪಾಲಿಗೆ ಬಂದಿರುವುದು ಓಣಿಯ ಪಕ್ಕದ ಒಂದು ಕೋಣೆ. ಅಲ್ಲಿ ಸಾಲಾಗಿ ನಲವತ್ತೊಂದು ಮಣ್ಣಿನ ಗುಂಡುಗಳು ಸಿಕ್ಕಿವೆ. ಒಂದೊಂದೂ ದೊಡ್ಡ ನಿಂಬೆಹಣ್ಣಿನಷ್ಟು, ಮೇಲೆ ಒಂದು ತೂತು. ಆ ಕಾಲದ ಮಗ್ಗವನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದರಂತೆ. ನೂಲು ಬಿಗಿಯಾಗಿ ನಿಲ್ಲಲಿ ಎಂದು ಕೆಳಗೆ ಈ ಗುಂಡುಗಳನ್ನು ಕಟ್ಟುತ್ತಿದ್ದರು. ಹೆಂಗಸರು ಓಣಿಯ ಬದಿಯಲ್ಲಿ ಕೂರುತ್ತಿರಲಿಲ್ಲ, ಇದು ಗುಂಡು ಮಾರುವ ಅಂಗಡಿ ಇರಬೇಕು ಎನ್ನುತ್ತಾರೆ ನಮ್ಮ ಪ್ರೊಫೆಸರಮ್ಮ.

ಇನ್ನೊಂದು ವಿಷಯ. ಹೊರಡುವ ಹಿಂದಿನ ದಿನ ಮುಸಫ್ಫಾದ ಒಂದು ಅಂಗಡಿಯಲ್ಲಿ ಹಸೀನುಮ್ಮ ಸಿಕ್ಕಿದ್ದರು. ನನ್ನ ಮಾತು ಕೇಳಿ ಯಾವ ಊರು, ಯಾರ ಮನೆ ಎಂದು ವಿಚಾರಿಸಿದರು; ಹಿಂದೆ ಫರಂಗಿಪೇಟೆಯಲ್ಲಿ ನಿಮ್ಮ ಪಕ್ಕದ ಮನೆಯವರಂತೆ. ಮಗಳ ಜೊತೆ ಆರು ವರ್ಷದಿಂದ ಅಬುಧಾಬಿಯಲ್ಲೇ ಇದ್ದಾರಂತೆ, ಅದು ನಿಮಗೂ ಗೊತ್ತಂತೆ. ಅಳಿಯನಿಗೆ ಈಗ ರಿಯಾದಿನಲ್ಲಿ ಕೆಲಸ. ಹಾಗಾಗಿ ಇವರು ಜುಲೈ ಮೂವತ್ತಕ್ಕೆ ಊರಿಗೆ, ಕಿರಿಯ ಮಗಳ ಮನೆಗೆ ಹೋಗುತ್ತಾರೆ. ಮತ್ತೆ ಬರುವುದಿಲ್ಲ. ನನ್ನ ಕೈ ಹಿಡಿದು, "ಆಮಿನಳಿಗೆ ಒಮ್ಮೆ ಬಂದು ಹೋಗ್ಲಿಕ್ಕೆ ಹೇಳ್ತೀಯಾ ಮಗಾ?" ಎಂದರು. ಒಂದೂವರೆ ಗಂಟೆಯ ದಾರಿ ಉಮ್ಮಾಮ. ಆರು ವರ್ಷದಲ್ಲಿ ಒಮ್ಮೆಯೂ ಯಾಕೆ ಹೋಗಲಿಲ್ಲ?

ನಿಮ್ಮ,
ಜಸೀಲ


ಅಲ್ ಕುಸೈಸ್, ದುಬೈ
17 ಜೂನ್ 2025

ಮುದ್ದಿನ ಜಸೀಲ,

ಅಲೈಕುಂ ಸಲಾಂ. ಕಾಗದ ಓದಿದೆ. ಎರಡು ಕಡೆ ಒತ್ತಕ್ಷರ ತಪ್ಪಿದ್ದೀ. ನಿನ್ನ ಅಪ್ಪ ಝಹೀರನಿಗಿಂತ ಪರವಾಗಿಲ್ಲ.

ಇಲ್ಲಿ ಸೆಕೆ ಹೇಳಿ ಪ್ರಯೋಜನವಿಲ್ಲ. ನಲ್ಲಿ ತಿರುಗಿಸಿದರೆ ಚಾ ಮಾಡುವಷ್ಟು ಬಿಸಿ ನೀರು. ಝಹೀರ್ ಬೆಳಿಗ್ಗೆ ಐದಕ್ಕೆ ಜೆಬೆಲ್ ಅಲಿಯ ಕಂಪನಿ ಬಸ್ಸಿಗೆ ಓಡುತ್ತಾನೆ. ನಿನ್ನ ಉಮ್ಮ ಹೊಸ ಏರ್ ಫ್ರೈಯರ್ ತಂದಿದ್ದಾಳೆ, ಅದರಲ್ಲಿ ಬಂಗುಡೆ ಹುರಿದಳು. ಅಂಥ ಒಳ್ಳೆಯ ಮೀನನ್ನು ಹಾಗೆ ಒಣಗಿಸಿದ್ದು ನೋಡಿ ನನಗೆ ಅಳುವೇ ಬಂತು. ಅವಳಿಗೆ ಹೇಳಬೇಡ, ರುಚಿಯಾಗಿದೆ ಎಂದಿದ್ದೇನೆ.

ನಿಮ್ಮ ಪ್ರೊಫೆಸರಮ್ಮ ತುಂಬ ಓದಿದವರಿರಬಹುದು, ಆದರೆ ಮನೆಯಲ್ಲಿ ಕೂತು ಕೈಕೆಲಸ ಮಾಡಿದವರಲ್ಲ. ಅಂಗಡಿಯಂತೆ, ಅಂಗಡಿ! ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದವಳು ನಾನು. ಕೆಲಸ ಮಾಡುವ ಹೆಂಗಸು ಎಲ್ಲಿ ಕೂರುತ್ತಾಳೆ ಎಂದು ನನ್ನನ್ನು ಕೇಳಲಿ. ಓಣಿಯ ಪಕ್ಕದಲ್ಲೇ ಕೂರುತ್ತಾಳೆ. ಬಾಗಿಲು ಅರ್ಧ ತೆರೆದಿಟ್ಟರೆ ಗಾಳಿ ಬರುತ್ತದೆ, ಯಾರು ಎಲ್ಲಿಗೆ ಹೋದರು ಎಂದು ನಮಗೆ ಕಾಣುತ್ತದೆ, ನಾವು ಯಾರಿಗೂ ಕಾಣುವುದಿಲ್ಲ. ದಿನವಿಡೀ ಬೆನ್ನು ಬಗ್ಗಿಸಿ ಕೂರುವವಳಿಗೆ ಅಷ್ಟಾದರೂ ಸುಖ ಬೇಡವಾ?

ಒಬ್ಬಳೇ ಕೂರುವುದೂ ಇಲ್ಲ. ಪಕ್ಕದ ಮನೆಯವಳು ತನ್ನ ಸಾಮಾನು ಎತ್ತಿಕೊಂಡು ಬರುತ್ತಾಳೆ. ಮಾತಿದ್ದರೆ ಕೈ ಓಡುತ್ತದೆ. ಹಾಗೆ ಇಬ್ಬರು ಕೂತಲ್ಲಿ ಯಾರದ್ದು ಯಾವುದು ಎಂದು ಗುರುತು ಬೇಕೇ ಬೇಕು. ನಮ್ಮ ಜಗಲಿಯಲ್ಲಿ ಬೀಡಿಯ ಕಟ್ಟಿನ ಮೇಲೆ ಒಂದೊಂದು ಬಟ್ಟೆಯ ಚೂರು ಸುತ್ತುತ್ತಿದ್ದೆವು. ನನ್ನದು ಹಳೆ ಲುಂಗಿಯ ನೀಲಿ, ಹಸೀನಳದ್ದು ಕೆಂಪು. ಆ ಗುಂಡುಗಳ ಮಣ್ಣು ಉಜ್ಜಿ ತೆಗೆದು ಗುರುತು ಇದೆಯಾ ನೋಡು. ಇರಲೇಬೇಕು.

ತಲೆಗೆ ಎಣ್ಣೆ ಹಚ್ಚು.

ನಿನ್ನ ಉಮ್ಮಾಮ


ಗ್ರೀಸ್
25 ಜೂನ್ 2025

ಉಮ್ಮಾಮ, ಉಮ್ಮಾಮ, ಉಮ್ಮಾಮ!

ಗುರುತು ಇದೆ! ಮೂರು ದಿನ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದೆ. ಇಪ್ಪತ್ತಮೂರು ಗುಂಡುಗಳ ನೆತ್ತಿಯಲ್ಲಿ ಉಂಗುರ ಒತ್ತಿದ ಗುರುತು. ಉಳಿದ ಹದಿನೆಂಟರಲ್ಲಿ ಉಗುರು ಒತ್ತಿದ ಗೆರೆ, ಅಮಾವಾಸ್ಯೆ ಕಳೆದ ಚಂದ್ರನ ಹಾಗೆ. ಇಬ್ಬರು ಹೆಂಗಸರು! ನಿಮ್ಮ ಕಾಗದವನ್ನು ಪ್ರೊಫೆಸರಮ್ಮನಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ, ಬಂಗುಡೆಯ ಭಾಗ ಬಿಟ್ಟು. ಅವರು ಕೂಡಲೇ, "ಅಂಗಡಿ ಎಂದು ಬರೆದದ್ದನ್ನು ಹೊಡೆದು ಹಾಕು" ಎಂದರು. ಈಗ ದಿನಾ ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮ ಅಜ್ಜಿ ಇದಕ್ಕೆ ಏನು ಹೇಳುತ್ತಾರೆ ಎಂದು ಎಲ್ಲರೂ ಕೇಳುವವರೇ.

ಹಾಗಾಗಿ ಒಂದು ಪ್ರಶ್ನೆ. ಉಂಗುರದ ಗುರುತಿನ ಇಪ್ಪತ್ತಮೂರರಲ್ಲಿ ಹದಿನಾರು ಗುಂಡುಗಳು ಎಷ್ಟು ಚಂದ ಎಂದರೆ, ಅಚ್ಚಿನಲ್ಲಿ ಹಾಕಿದ ಹಾಗಿವೆ. ಉಳಿದ ಏಳು ಮಾತ್ರ ಸೊಟ್ಟ. ತೂತು ಒಂದು ಬದಿಗೆ ಜಾರಿದೆ, ದಾರ ಕಟ್ಟಿ ತೂಗಿದರೆ ವಾಲುತ್ತವೆ. ಇವು ಒಂದೇ ಕೈಯ ಕೆಲಸ ಅಲ್ಲ, ಪಕ್ಕದ ಮನೆಯವಳು ತನ್ನ ಕೆಟ್ಟ ಗುಂಡುಗಳಿಗೆ ಇವಳ ಗುರುತು ಒತ್ತಿ ಸೇರಿಸಿರಬೇಕು ಎಂಬುದು ಪ್ರೊಫೆಸರಮ್ಮನ ಊಹೆ. ನಿಮಗೆ ಏನನ್ನಿಸುತ್ತದೆ?

ಮತ್ತೆ, ನೀವು ಬುದ್ಧಿವಂತರು, ನಾನೂ ನಿಮ್ಮ ಮೊಮ್ಮಗಳೇ. ಹಸೀನುಮ್ಮನ ಬಗ್ಗೆ ಕೇಳಿದರೆ ಏರ್ ಫ್ರೈಯರಿನ ಕಥೆ ಹೇಳಿದಿರಿ. ಆಮೇಲೆ ಬೀಡಿಯ ಮಾತಿನಲ್ಲಿ ಅವರ ಹೆಸರು ತಾನಾಗಿಯೇ ಬಂತು. ಜುಲೈ ಮೂವತ್ತಕ್ಕೆ ಅವರು ಹೋಗಿಬಿಡುತ್ತಾರೆ. ಇಬ್ಬರು ಮುದುಕಿಯರ ನಡುವೆ ಅಂಥದ್ದೇನು ಯುದ್ಧ?

ಜಸೀಲ


ಅಲ್ ಕುಸೈಸ್
2 ಜುಲೈ 2025

ಜಸೀಲ,

ಕೇಳಿದ್ದೀಯಲ್ಲ, ಹೇಳುತ್ತೇನೆ. ಒಮ್ಮೆ ಮಾತ್ರ ಹೇಳುತ್ತೇನೆ.

ಹಸೀನ ನನ್ನ ಜಗಲಿಯಲ್ಲಿ ಹನ್ನೊಂದು ವರ್ಷ ಕೂತವಳು. ಸಂಜೆ ನಾನು ಅಡುಗೆಗೆ ಎದ್ದರೆ ಇಬ್ಬರ ಬೀಡಿಯನ್ನೂ ಅವಳೇ ಇಪ್ಪತ್ತೈದರಂತೆ ಕಟ್ಟು ಮಾಡಿಡುತ್ತಿದ್ದಳು. ಅಷ್ಟು ನಂಬಿಕೆ ನನಗೆ. 1995ರಲ್ಲಿ, ಮಳೆ ಹಿಡಿಯುವ ಮೊದಲು, ಅವಳು ಎರಡು ದಿನ ತವರಿಗೆ ಹೋದಳು. ಆ ಎರಡು ದಿನ ನನ್ನ ಕಟ್ಟು ನಾನೇ ಮಾಡಿದೆ. ಮಾರನೆಯ ದಿನ ಬೀಡಿ ಕೊಡಲು ಕಂಪನಿಯ ಬ್ರಾಂಚಿಗೆ ಹೋದರೆ ಚೆಕರ್ ನನ್ನ ನೀಲಿ ಕಟ್ಟು ಬಿಚ್ಚಿ ನೋಡಿದ. ಅರ್ಧಕ್ಕರ್ಧ ಸೊಟ್ಟ ಬೀಡಿಗಳು. ಕೆಲವಕ್ಕೆ ದಾರವೇ ಸರಿ ಬಿದ್ದಿರಲಿಲ್ಲ. ಮೂವತ್ತು ಹೆಂಗಸರ ಮುಂದೆ ಅವನ್ನು ನೆಲಕ್ಕೆ ಸುರಿದು, "ಆಮಿನಮ್ಮ, ಇದು ಬೀಡಿಯಾ ಕಸವಾ?" ಎಂದ.

ನನ್ನ ಕೈ ನನಗೆ ಗೊತ್ತು. ಅಂಥ ಬೀಡಿ ನಾನು ಕಟ್ಟುವವಳಲ್ಲ. ತವರಿಗೆ ಹೋಗುವ ಮೊದಲು ಹಸೀನ ತನ್ನ ಕೆಟ್ಟ ಬೀಡಿಗಳನ್ನು ನನ್ನ ಮೊರಕ್ಕೆ ಹಾಕಿ ಹೋಗಿದ್ದಾಳೆ ಎಂದು ಅಲ್ಲೇ ಹೇಳಿದೆ. ಹೋಗುವ ಮೊದಲು ಅವಳು ಕಟ್ಟಿಟ್ಟಿದ್ದ, ನಾನೇ ತಂದಿದ್ದ ಕೆಂಪು ಕಟ್ಟುಗಳನ್ನೂ ಬಿಚ್ಚಿಸಿ ನೋಡಿ ಎಂದೆ. ಬಿಚ್ಚಿದರು. ಅದರಲ್ಲೂ ಅಂಥವೇ ಇದ್ದವು. ಇನ್ನೇನು ಸಾಕ್ಷಿ ಬೇಕು? ಅವಳ ಬೀಡಿ ಕೆಲಸದ ಕಾರ್ಡು ರದ್ದಾಯಿತು. ಆಮೇಲೆ ಯಾವ ಬ್ರಾಂಚಿನವರೂ ಅವಳಿಗೆ ಎಲೆ ಕೊಡಲಿಲ್ಲ. ಮನೆಮನೆಗೆ ಹೋಗಿ ಅಕ್ಕಿ ರೊಟ್ಟಿ ತಟ್ಟಿಕೊಡುವ ಕೆಲಸ ಹಿಡಿದಳು. ವರ್ಷದೊಳಗೆ ಊರೇ ಬಿಟ್ಟಳು.

ತವರಿನಿಂದ ಬಂದವಳು ಒಂದು ಮಾತಿಗೂ ಎದುರು ಹೇಳಲಿಲ್ಲ. ಮರುದಿನ ಒಂದು ಪಾತ್ರೆ ಮೀನು ಸಾರು ಕಳಿಸಿದಳು. ತಪ್ಪು ಮಾಡದವಳು ಯಾಕೆ ಸಾರು ಕಳಿಸುತ್ತಾಳೆ? ಮುಚ್ಚಳ ತೆಗೆಯದೆ ಹಾಗೇ ವಾಪಸ್ ಕಳಿಸಿದೆ.

ನಿಮ್ಮ ಪ್ರೊಫೆಸರಮ್ಮ ಈ ಸಲ ಸರಿಯಾಗಿ ಹೇಳಿದ್ದಾರೆ. ಆ ಏಳು ಗುಂಡುಗಳು ಪಕ್ಕದ ಮನೆಯವಳದ್ದೇ. ಬರೆದುಕೊಳ್ಳಲಿ. ನಾನು ಮುಸಫ್ಫಾಕ್ಕೆ ಹೋಗುವುದಿಲ್ಲ. ಖಲಾಸ್.

ಉಮ್ಮಾಮ


ಗ್ರೀಸ್
9 ಜುಲೈ 2025

ಪ್ರೀತಿಯ ಉಮ್ಮಾಮ,

ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆಯಬೇಕೆಂದಿದ್ದೆ. ಬರೆದು ಹರಿದೆ. ಈಗಲೂ ಮಣ್ಣಿನಲ್ಲಿ ಸಿಕ್ಕಿದ್ದನ್ನು ಮಾತ್ರ ಬರೆಯುತ್ತೇನೆ, ಬೇರೆ ಏನೂ ಬರೆಯುವುದಿಲ್ಲ.

ಅಥೆನ್ಸಿನಿಂದ ಬೆರಳಚ್ಚು ಓದುವ ಒಬ್ಬರು ಬಂದಿದ್ದರು. ಹಸಿ ಮಣ್ಣಿನ ಗುಂಡನ್ನು ಹಿಡಿದು ತೂತು ಮಾಡುವಾಗ ಹೆಬ್ಬೆರಳು ಒತ್ತುತ್ತದಲ್ಲ, ಅದರ ಗೆರೆಗಳು ಸುಟ್ಟ ಮಣ್ಣಿನಲ್ಲಿ ಹಾಗೇ ಉಳಿಯುತ್ತವೆ. ಉಂಗುರದ ಗುರುತಿನ ಇಪ್ಪತ್ತಮೂರನ್ನೂ ಅವರು ದೀಪದ ಕೆಳಗಿಟ್ಟು ನೋಡಿದರು. ಹೆಬ್ಬೆರಳಿನಲ್ಲಿ ಅಡ್ಡಕ್ಕೆ ಒಂದು ಹಳೆಯ ಗಾಯದ ಗೆರೆ ಇದೆ. ಚಂದದ ಹದಿನಾರರಲ್ಲೂ ಅದೇ ಗೆರೆ, ಸೊಟ್ಟ ಏಳರಲ್ಲೂ ಅದೇ ಗೆರೆ. ಒಂದೇ ಹೆಂಗಸಿನ ಕೈ ಉಮ್ಮಾಮ.

ಚಂದದ ಗುಂಡುಗಳ ತೂತು ದಾರ ಉಜ್ಜಿ ಉಜ್ಜಿ ಸವೆದಿದೆ, ವರ್ಷಗಟ್ಟಲೆ ಬಳಸಿದ್ದು. ಸೊಟ್ಟ ಗುಂಡುಗಳು ಸವೆದೇ ಇಲ್ಲ. ಅಂದರೆ ಅವಳು ಕೊನೆಗಾಲದಲ್ಲಿ ಮಾಡಿದವು. ಕಣ್ಣು ಮಂಜಾಗಿರಬೇಕು ಎಂದರು ಅವರು.

ಇನ್ನೊಂದಿದೆ. ಗುಂಡುಗಳು ಮಗ್ಗದಿಂದ ಸಾಲಾಗಿ ಬಿದ್ದಿದ್ದವಲ್ಲ, ಆ ಸಾಲಿನ ಚಿತ್ರ ಬರೆದವಳು ನಾನೇ. ನಿನ್ನೆ ಅದನ್ನು ಮತ್ತೆ ನೋಡಿದೆ. ಏಳು ಸೊಟ್ಟ ಗುಂಡುಗಳಲ್ಲಿ ಆರರ ಪಕ್ಕದಲ್ಲಿ ಒಂದೊಂದು ಉಗುರಿನ ಗುರುತಿನ ಗುಂಡು ಇದೆ. ಪಕ್ಕದ ಮನೆಯವಳು ತನ್ನ ಒಳ್ಳೆಯ ಗುಂಡುಗಳನ್ನು ತಂದು ಇವಳ ಸೊಟ್ಟ ಗುಂಡುಗಳ ಪಕ್ಕದಲ್ಲಿ ಕಟ್ಟಿದ್ದಾಳೆ, ಬಟ್ಟೆ ಓರೆಯಾಗದಿರಲಿ ಎಂದು. ಪ್ರೊಫೆಸರಮ್ಮ ತಮ್ಮ ಊಹೆ ಹಿಂದಕ್ಕೆ ತೆಗೆದುಕೊಂಡರು.

ಇಷ್ಟೇ ಸಿಕ್ಕಿದ್ದು. ಇಲ್ಲಿ ಅಂಜೂರ ಹಣ್ಣಾಗತೊಡಗಿದೆ. ನಿಮಗೆ ಒಣಗಿಸಿ ತರುತ್ತೇನೆ.

ನಿಮ್ಮ,
ಜಸೀಲ


ಗ್ರೀಸ್
18 ಜುಲೈ 2025

ಉಮ್ಮಾಮ,

ಒಂಬತ್ತು ದಿನವಾಯಿತು. ನೀವು ನನ್ನ ಕಾಗದ ನೋಡಿದ್ದೀರಿ, ಫೋನಿನಲ್ಲಿ ನೀಲಿ ಗೀಟು ಬಿದ್ದಿದೆ. ಅಪ್ಪನನ್ನು ಕೇಳಿದರೆ ಆರೋಗ್ಯವೇನೋ ಸರಿಯಿದೆ, ಊಟಕ್ಕೆ ಕರೆದರೆ ಮಾತ್ರ ಬಾಲ್ಕನಿಯಿಂದ ಏಳುವುದಿಲ್ಲ ಎಂದರು. ಈ ಬಿಸಿಲಿನಲ್ಲಿ ಬಾಲ್ಕನಿಯಲ್ಲಿ ಯಾರು ಕೂರುತ್ತಾರೆ?

ನಾನು ಬರೆಯಬಾರದಿತ್ತೋ ಏನೋ. ಬರೆಯದೆ ಮುಚ್ಚಿಟ್ಟಿದ್ದರೆ ನಿಮ್ಮ ಮುಖ ನೋಡಲಿಕ್ಕೆ ನನಗೆ ಆಗುತ್ತಿರಲಿಲ್ಲ. ಬೈಯುವುದಾದರೆ ಎರಡು ಪುಟ ಬೈಯಿರಿ, ಒತ್ತಕ್ಷರ ತಿದ್ದಿರಿ, ಸುಮ್ಮನೆ ಮಾತ್ರ ಇರಬೇಡಿ. ನಿಮ್ಮ ಮೌನ ನನಗೆ ಅಭ್ಯಾಸವಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಜಸೀಲ


ಅಲ್ ಕುಸೈಸ್
24 ಜುಲೈ 2025

ಮುದ್ದಿನ ಜಸೀಲ,

ಹೆದರಬೇಡ ಮಗಾ. ಸಿಟ್ಟು ನಿನ್ನ ಮೇಲಲ್ಲ.

ಬ್ರಾಂಚಿನ ಆ ಗಲಾಟೆಯ ಮರುತಿಂಗಳು ನಮ್ಮೂರ ಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ಆಗಿತ್ತು. ಡಾಕ್ಟರರು ನನ್ನ ಕೈಗೆ ಸೂಜಿ ಕೊಟ್ಟು ದಾರ ಹಾಕಿ ಎಂದರು. ಆಗಲಿಲ್ಲ. "ಎಷ್ಟು ಸಮಯದಿಂದ ಹೀಗೆ?" ಎಂದು ಕೇಳಿದರು. ಮೊನ್ನೆಯಿಂದ ಎಂದೆ. ಅವರು ನಕ್ಕು, "ಇದು ಮೊನ್ನೆಯದ್ದಲ್ಲ ಅಮ್ಮ, ಕಮ್ಮಿಯೆಂದರೂ ಎರಡು ವರ್ಷದ್ದು" ಎಂದರು. ಕನ್ನಡಕ ಹಾಕಿಕೊಂಡು ಮನೆಗೆ ಬಂದೆ. ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನನಗೆ ನಾನೂ ಹೇಳಿಕೊಳ್ಳಲಿಲ್ಲ. ಮೂವತ್ತು ವರ್ಷ.

ಈ ಹದಿನೈದು ದಿನ ಬಾಲ್ಕನಿಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಬಿಚ್ಚಿ ನೋಡಿದೆ. ಕಟ್ಟು ಮಾಡುತ್ತಿದ್ದವಳು ಹಸೀನ. ನನ್ನ ಸೊಟ್ಟ ಬೀಡಿಗಳನ್ನು ಹೆಕ್ಕಿ ತೆಗೆದು ತನ್ನ ಒಳ್ಳೆಯವನ್ನು ನೀಲಿ ಕಟ್ಟಿಗೆ ಹಾಕುತ್ತಿದ್ದಳು. ನನ್ನದನ್ನು ತನ್ನ ಕೆಂಪು ಕಟ್ಟಿನಲ್ಲಿ, ಒಂದು ಕಟ್ಟಿಗೆ ಒಂದೋ ಎರಡೋ, ಚೆಕರ್‌ನ ಕಣ್ಣಿಗೆ ಬೀಳದ ಹಾಗೆ ಹಂಚಿಬಿಡುತ್ತಿದ್ದಳು. ಅವಳು ಇಲ್ಲದ ಎರಡು ದಿನ ಹೆಕ್ಕುವವರು ಯಾರೂ ಇರಲಿಲ್ಲ. ಅಷ್ಟೇ ನಡೆದದ್ದು. ಕಳ್ಳಿಯಾಗಿದ್ದರೆ ಕೆಟ್ಟದ್ದನ್ನು ತನ್ನ ಕಟ್ಟಿನಲ್ಲಿ ಯಾಕೆ ಇಟ್ಟುಕೊಳ್ಳುತ್ತಿದ್ದಳು? ಆವತ್ತು ಮೂವತ್ತು ಹೆಂಗಸರಿದ್ದರು, ಒಬ್ಬರಿಗೂ ಇದು ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದದ್ದು ನನಗೆ.

ಸಾರು ಯಾಕೆ ಕಳಿಸಿದಳು ಎಂದು ಬರೆದಿದ್ದೆನಲ್ಲ. ಮೂವತ್ತು ಹೆಂಗಸರ ಮುಂದೆ ಮಾನ ಹೋದವಳು ಮನೆಯಲ್ಲಿ ಅಡುಗೆ ಮಾಡಿರಲಿಕ್ಕಿಲ್ಲ ಎಂದು ಕಳಿಸಿದ್ದಾಳೆ. ನಾನು ಮಾಡಿಯೂ ಇರಲಿಲ್ಲ. ಮಕ್ಕಳು ಆ ದಿನ ಅವಲಕ್ಕಿ ತಿಂದು ಮಲಗಿದ್ದವು.

ನಾಳೆ ಶುಕ್ರವಾರ. ಜುಮಾ ಮುಗಿದ ಮೇಲೆ ಝಹೀರ್ ಮುಸಫ್ಫಾಕ್ಕೆ ಕರೆದುಕೊಂಡು ಹೋಗುತ್ತಾನೆ. ಯಾಕೆ ಎಂದು ಅವನಿಗೆ ಹೇಳಿದ್ದೇನೆ, ಎಲ್ಲ ಹೇಳಿದ್ದೇನೆ. ಅವಳಿಗೆ ಏನು ಹೇಳುವುದು ಎಂದು ಮಾತ್ರ ಗೊತ್ತಿಲ್ಲ. ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳಿ ಬರುತ್ತೇನೆ. ನನಗಾಗಿ ದುಆ ಮಾಡು.

ಉಮ್ಮಾಮ


ಅಲ್ ಕುಸೈಸ್
26 ಜುಲೈ 2025

ಜಸೀಲ,

ಹೋಗಿ ಬಂದೆ.

ಮನೆಯೆಲ್ಲ ರಟ್ಟಿನ ಪೆಟ್ಟಿಗೆಗಳು. ಮಗಳು ಬಾಗಿಲು ತೆರೆದಳು. ಹಸೀನ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ತೀರ ಸಣ್ಣ ಆಗಿದ್ದಾಳೆ. ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ. "ಹಸೀನ, ಆ ಬೀಡಿಗಳು ನನ್ನದೇ" ಎಂದೆ.

ಅವಳು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಆಮೇಲೆ, "ಗೊತ್ತುಂಟು ಆಮಿನ. ಎರಡು ವರ್ಷ ನಾನೇ ಅಲ್ವಾ ಹೆಕ್ಕಿದ್ದು" ಎಂದಳು.

"ಹಾಗಾದ್ರೆ ಆವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಿನ್ನ ಕಾರ್ಡ್ ಹೋಗ್ತಿತ್ತು. ನಿಂಗೆ ನಾಲ್ಕು ಮಕ್ಕಳು, ಗಂಡ ಹಾಸಿಗೆ ಹಿಡ್ದಿದ್ದ. ನಂಗೆ ಆಗ ಇಬ್ಬರೇ. ಮತ್ತೆ ನೀನಾಗಿಯೇ ಒಂದು ದಿನ ಬರ್ತಿ ಅಂತ ಕೂತೆ. ನಾಳೆ ಬರ್ತಾಳೆ, ನಾಡಿದ್ದು ಬರ್ತಾಳೆ ಅಂತ. ಒಂದು ವರ್ಷ ಕಾದೆ ಮಾರಾಯ್ತಿ, ಪಕ್ಕದ ಮನೆಯಿಂದ."

ನಾನು ಅತ್ತೆ. ಅವಳು ಅಳಲಿಲ್ಲ. ಮಾಫ್ ಮಾಡಿದ್ದೇನೆ ಎಂದೂ ಹೇಳಲಿಲ್ಲ. "ಮೂವತ್ತು ವರ್ಷ ಆಯ್ತು. ಅದನ್ನು ಎಲ್ಲಿಂದ ತಂದು ಕೊಡ್ತಿ?" ಎಂದು ಕೇಳಿದಳು. ಕೇಳಲು ಅವಳಿಗೆ ಹಕ್ಕಿದೆ, ಕೇಳಿಸಿಕೊಂಡೆ. ಹೋಗು ಎನ್ನುತ್ತಾಳೆ ಎಂದುಕೊಂಡೆ. ಹೋಗು ಎನ್ನಲಿಲ್ಲ, ಮಗಳನ್ನು ಕರೆದು ಚಾ ಮಾಡಲು ಹೇಳಿದಳು.

ಚಾ ಬಂತು. ಹಸೀನ ಮೇಜಿನ ಮೇಲೆ ಕೈ ಆಡಿಸಿದಳು. ಗ್ಲಾಸಿನ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ. ಮಧ್ಯಾಹ್ನ ಮೂರು ಗಂಟೆ ಜಸೀಲ, ಕೋಣೆಯಲ್ಲಿ ಸೂಜಿ ಬಿದ್ದರೂ ಕಾಣುತ್ತಿತ್ತು. ಮಗಳು ಒಳಗೆ ಪೆಟ್ಟಿಗೆಗೆ ಟೇಪು ಅಂಟಿಸುತ್ತಿದ್ದಳು, ಉಮ್ಮನ ಕಣ್ಣಿನ ವಿಷಯ ಅವಳಿಗೆ ಗೊತ್ತಿದ್ದ ಹಾಗಿಲ್ಲ. "ಈಗಿನ ಗ್ಲಾಸಿಗೆ ಬಣ್ಣವೇ ಇಲ್ಲ" ಎಂದಳು ಹಸೀನ.

"ಹೌದು, ಈಗಿನ ಗ್ಲಾಸುಗಳೇ ಹಾಗೆ" ಎಂದು ಗ್ಲಾಸನ್ನು ಅವಳ ಕೈಗೆ ತಾಗಿಸಿ ಇಟ್ಟೆ.

ಬುಧವಾರ ಅವಳು ಒಬ್ಬಳೇ ಹೋಗುವವಳು. ಮಗಳು ಅಳಿಯ ಅದೇ ದಿನ ರಿಯಾದಿಗೆ ಹೊರಡುತ್ತಾರೆ. ಹಾಗಾಗಿ ರಾತ್ರಿಯೇ ಝಹೀರ್ ಕೈಯಲ್ಲಿ ಅದೇ ವಿಮಾನಕ್ಕೆ ನನಗೂ ಒಂದು ಟಿಕೆಟ್ ಮಾಡಿಸಿದೆ. ಪಕ್ಕದ ಸೀಟೇ ಸಿಕ್ಕಿತು. ಎಷ್ಟು ದಿನಕ್ಕೆ ಎಂದು ಕೇಳಿದ, ನೋಡುವ ಎಂದೆ. ಹೋದ ವರ್ಷ ಪೊರೆ ತೆಗೆಸಿದ ಮೇಲೆ ನನಗೆ ಚೆನ್ನಾಗಿ ಕಾಣುತ್ತದೆ, ಬೋರ್ಡು ಓದುತ್ತೇನೆ, ಮೆಟ್ಟಿಲು ಎಣಿಸುತ್ತೇನೆ, ಫಾರ್ಮು ತುಂಬಿಸುತ್ತೇನೆ. ಮಂಗಳೂರಿನಲ್ಲಿ ಇಳಿದ ಮೇಲೆ ಅವಳನ್ನು ಒಳ್ಳೆಯ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುವುದು ನನ್ನ ಕೆಲಸ.

ಬೆಳಿಗ್ಗೆ ಅವಳಿಗೆ ಫೋನ್ ಮಾಡಿ ಬೇರೆಯೇ ಹೇಳಿದೆ. "ನಂಗೂ ಊರಿಗೆ ಹೋಗ್ಲಿಕ್ಕುಂಟು ಹಸೀನ. ಒಬ್ಬಳೇ ವಿಮಾನ ಹತ್ಲಿಕ್ಕೆ ಭಾರೀ ಹೆದರಿಕೆ ಆಗ್ತದೆ. ನೀನು ನನ್ನ ಕೈ ಹಿಡ್ಕೊಳ್ತೀಯಾ?"

"ನೀನು ಮೊದ್ಲಿಂದ್ಲೂ ಪುಕ್ಕಲಿಯೇ" ಎಂದಳು. "ಹಿಡ್ಕೊಳ್ತೇನೆ, ಬಾ."

ನಿನ್ನ ಉಮ್ಮಾಮ